ತಲೆಕೆಳಗಾಗಿ ನಿಂತ ಅಳಿಯ

ಮೊಮ್ಮಗಳು ಮನೆಗೊಂದು ಚಾಪೆ ತಂದಿದ್ದಾಳೆ. ಚಾಪೆ ಎಂದ ಕೂಡಲೇ ನೀವು ಮಲಗುವ ಕೋರೆ ಹುಲ್ಲಿನ ಚಾಪೆಯನ್ನು ನೆನೆಯಬೇಡಿ. ಇದು ನೇರಳೆ ಬಣ್ಣದ್ದು, ರಬ್ಬರಿನದು, ಬಿಚ್ಚಿದರೆ ಹೊಸ ಟೈರಿನ ವಾಸನೆ ಬರುತ್ತದೆ. ಅವಳು ಭರತನಾಟ್ಯ ಕಲಿಯುತ್ತಿದ್ದಾಳೆ. ಕುಣಿಯುವವರ ಮಂಡಿ ಸವೆಯಬಾರದು, ಸೊಂಟ ಹಿಡಿಯಬಾರದು, ಉಸಿರು ಮೇಲೆ ಕೆಳಗೆ ಆಗಬಾರದು, ಅದಕ್ಕೆ ದಿನಾ ಯೋಗ ಮಾಡಬೇಕು ಅಂತ ಅವಳ ಟೀಚರ್ ಹೇಳಿದ್ದಾರಂತೆ. ನಾನು ಕನ್ನಡಕ ಏರಿಸಿಕೊಂಡು ಆ ಚಾಪೆಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರೆ, “ತಾತಾ, ಇದೆಲ್ಲಾಂ ಉಂಗಳುಕ್ಕು ಪುರಿಯಾದು” ಅಂತ ತಮಿಳಿನಲ್ಲಿ ಹೇಳಿ, ನಿಮಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎನ್ನುವ ಹಾಗೆ ನನ್ನ ಬೆನ್ನು ತಟ್ಟಿದಳು.

ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ತಾಯಮ್ಮ ಸುಮ್ಮನಿರಲಿಲ್ಲ. ಸೇಲಂನಲ್ಲಿ ಇಷ್ಟು ವರ್ಷ ಬಾಳಿದರೂ ಅವಳ ನಾಲಿಗೆ ಮಾತ್ರ ತವರು ಮಾರಂಡಹಳ್ಳಿಯ ಹೊಲದಲ್ಲೇ ಇದೆ. “ನಿಮ್ ತಾತಂಗೆ ತಿಳೀದಾ? ತಲೆಕೆಳಗಾಗಿ ನಿಂತ್ಕಂಡೇ ನಮ್ ಸಾಕಮ್ಮನ್ನ ಇಸ್ಕೂಲಿಗೆ ಸೇರ್ಸಿದ ಮನ್ಸ ಅದು” ಅಂದಳು. ಮೊಮ್ಮಗಳು ಈ ಕತೆಯನ್ನು ಎಷ್ಟೋ ಸಲ ಕೇಳಿದ್ದಾಳೆ. ಹೇಳುವವಳು ಯಾವಾಗಲೂ ತಾಯಮ್ಮನೇ. ಒಂದು ಸಲ ನಾನು ಹೇಳುತ್ತೇನೆ, ನಿಮ್ಮ ಹತ್ತಿರ.

ಹಾಡಿ ಕುಣಿಯುವವರಿಗೆ ಯೋಗ ಬೇಕು ಅಂತ ಈಗಿನವರೇ ಕಂಡುಹಿಡಿದರು ಅಂತ ಈ ಹುಡುಗಿ ನಂಬಿದ್ದಾಳೆ. ಪಾಪ, ಅವಳು ಶಾಮರಾಯರನ್ನು ನೋಡಿಲ್ಲ. ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿದ್ದ ಆ ಕಾಲದಲ್ಲಿ ಸೇಲಂನ ಕನ್ನಡದ ಮನೆಗಳವರೆಲ್ಲ ಸೇರಿ ಒಂದು ನಾಟಕ ಸಂಘ ಕಟ್ಟಿಕೊಂಡಿದ್ದೆವು. ವರ್ಷಕ್ಕೊಂದು ನಾಟಕ, ತುಂಬ ಹಾಡು, ಸಾಕಷ್ಟು ಕುಣಿತ. ಹೆಂಗಸರು ರಂಗಕ್ಕೆ ಬರುತ್ತಿರಲಿಲ್ಲ, ಹೆಣ್ಣುಪಾತ್ರವೂ ನಮ್ಮದೇ. ಮನೆಯಲ್ಲಿ ಕನ್ನಡ ಆಡುತ್ತಿದ್ದೆವೇ ಹೊರತು ಶಾಲೆಯಲ್ಲಿ ಕಲಿತದ್ದೆಲ್ಲ ತಮಿಳು, ಆದ್ದರಿಂದ ಮುಕ್ಕಾಲು ಪಾಲು ನಟರು ತಮ್ಮ ಕನ್ನಡದ ಮಾತುಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಉರು ಹೊಡೆಯುತ್ತಿದ್ದರು. ನನಗೆ ನಮ್ಮಪ್ಪ ನೆಲದ ಮೇಲೆ ರಾಗಿ ಹರಡಿ ಕನ್ನಡ ಅಕ್ಷರ ತಿದ್ದಿಸಿದ್ದರು. ಆ ಒಂದೇ ಯೋಗ್ಯತೆಯ ಮೇಲೆ ಸಂಘದಲ್ಲಿ ನಾನು ಪಂಡಿತ ಅನ್ನಿಸಿಕೊಂಡಿದ್ದೆ.

ಶಾಮರಾಯರು ರೈಲ್ವೆ ಗೂಡ್ಸ್ ಆಫೀಸಿನವರು, ನಮ್ಮ ನಾಟಕದ ಮೇಷ್ಟ್ರು. ನಾಟಕ ಬರೆಯುವುದು, ಹಾಡು ಕಟ್ಟುವುದು, ಕುಣಿತ ಹೇಳಿಕೊಡುವುದು ಎಲ್ಲ ಅವರದೇ. ಜೋಲಾರಪೇಟೆಯಲ್ಲಿದ್ದಾಗ ಯಾರೋ ಸಾಧುವಿನಿಂದ ಯೋಗ ಕಲಿತು ಬಂದಿದ್ದರು. ನಾಟಕಗಳು ಕೆಡುವುದೆಲ್ಲ ನಟರ ಮೂಗು ಸ್ವಚ್ಛವಿಲ್ಲದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ತಾಲೀಮು ಮೂಗಿನಿಂದ ಶುರುವಾಗುತ್ತಿತ್ತು. ಒಂದು ಹೊಳ್ಳೆಗೆ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಇಳಿಸಬೇಕು. ನನಗೆ ಅದು ಎರಡೂ ಬಿಟ್ಟು ಬಾಯಿಗೆ ಬರುತ್ತಿತ್ತು. ಆಮೇಲೆ ಎಲ್ಲರೂ ಕಿವಿ ಮುಚ್ಚಿಕೊಂಡು ದುಂಬಿಯ ಹಾಗೆ ಗುಂಯ್ ಅನ್ನಬೇಕು. ನಮ್ಮ ಪಕ್ಕದ ಮನೆಯಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವವರಿದ್ದರು. ಅವರು ಸುತ್ತಿಗೆ ನಿಲ್ಲಿಸಿ, ಜೇನು ಎಲ್ಲಿ ಕಟ್ಟಿದೆ ಅಂತ ಏಣಿ ತಂದು ನಮ್ಮ ಸೂರು ಹುಡುಕಿದರು.

ಸಿಂಹಾಸನ ಅಂತ ಒಂದಿತ್ತು. ಮಂಡಿಯೂರಿ ಕೂತು, ಕಣ್ಣು ಹೊರಳಿಸಿ, ನಾಲಿಗೆಯನ್ನು ಗದ್ದದ ತನಕ ಚಾಚಿ ಹಾ ಅಂತ ಉಸಿರು ಬಿಡುವುದು. ಗಂಟಲು ತೆರೆದುಕೊಳ್ಳುತ್ತದೆ ಅನ್ನುತ್ತಿದ್ದರು. ನನ್ನ ಗಂಟಲು ತೆರೆಯಿತೋ ಇಲ್ಲವೋ, ಬಾಗಿಲಲ್ಲಿ ನಿಂತಿದ್ದ ಹಾಲಿನವಳು ಚೊಂಬು ಅಲ್ಲೇ ಬಿಟ್ಟು ಹೋದಳು. ಮಾರನೆಯ ದಿನದಿಂದ ಹಾಲನ್ನು ಎದುರುಮನೆಯಲ್ಲಿ ಕೊಟ್ಟು ಹೋಗತೊಡಗಿದಳು. ತಾಯಮ್ಮ ಹೋಗಿ ತರಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಬಾವಿ. ಕನ್ನಂಕುರಿಚ್ಚಿ ಕಡೆ ಒಂದು ತೋಟದ ಬಾವಿಗೆ ಬೆಳಗಾಗುವ ಹೊತ್ತಿಗೆ ಸೈಕಲ್ ತುಳಿದು ಹೋಗಿ, ಮೆಟ್ಟಿಲಿಳಿದು, ಕತ್ತಿನ ತನಕ ನೀರಿನಲ್ಲಿ ನಿಂತು ಷಡ್ಜ ಹಿಡಿಯಬೇಕು. ನೀರು ಎದೆಯನ್ನು ಒತ್ತುವುದರಿಂದ ಉಸಿರು ಗಟ್ಟಿಯಾಗುತ್ತದಂತೆ. ನಾನು ಹಿಡಿದ ಷಡ್ಜ ಕೇಳಿ ತೋಟದವನು ಹಗ್ಗ ತಂದ. ಅವನ ಎಮ್ಮೆ ಕೊಟ್ಟಿಗೆಯಲ್ಲೇ ಇದೆ ಅಂತ ನಾವು ಮೂವರು ಸೇರಿ ಅವನಿಗೆ ತಿಳಿಹೇಳಬೇಕಾಯಿತು.

ಇಷ್ಟೆಲ್ಲ ಯಾಕೆ ಸಹಿಸಿದೆ ಅಂದರೆ, ಆ ವರ್ಷ ನಾನು ಮೋಹಿನಿ. ಭಸ್ಮಾಸುರನನ್ನು ಕುಣಿಸಿ ಕುಣಿಸಿ ಅವನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸುವ ಮೋಹಿನಿ. ಕಲೆಕ್ಟರ್ ಕಚೇರಿಯಲ್ಲಿ ದಿನವಿಡೀ ಫೈಲು ಹೊರುವ ಸೊಂಟ ಸಂಜೆ ಬಳುಕಬೇಕು, ಬಳುಕುತ್ತಲೇ ಮೇಲಿನ ಸ್ಥಾಯಿಯಲ್ಲಿ ಹಾಡಬೇಕು. ನನ್ನ ದನಿ ಅಲ್ಲಿಗೆ ಹೋಗಿ ಒಡೆಯುತ್ತಿತ್ತು. ಅದಕ್ಕೆ ಶಾಮರಾಯರು ನನಗೆ ವಿಶೇಷ ಚಿಕಿತ್ಸೆ ಬರೆದರು. ಮೊಸರಿಲ್ಲ, ಹುಣಿಸೆಯಿಲ್ಲ, ತಣ್ಣೀರಿಲ್ಲ. ಬೆಳಿಗ್ಗೆ ಶೀರ್ಷಾಸನ, ರಕ್ತ ಗಂಟಲಿಗೆ ಇಳಿಯಲಿ ಅಂತ. ನಾಟಕದ ಹಿಂದಿನ ದಿನ ಬೆಳಗಿನಿಂದ ಬಣ್ಣ ಹಚ್ಚುವ ತನಕ ಕಟ್ಟಾ ಮೌನ. ಒಂದು ಮಾತು ಆಡಿದರೂ ಪಾತ್ರ ಬೇರೆಯವನಿಗೆ ಅಂತ ಹೇಳಿದ್ದರು. ಹಾಗೆ ಹೇಳುವಾಗ ಅವರ ಕಣ್ಣು ಅಂಚೆ ಕಚೇರಿಯ ತೆಳ್ಳಗಿನ ಹುಡುಗನೊಬ್ಬನ ಸೊಂಟದ ಮೇಲಿತ್ತು.

ಈ ಸಂಗತಿಯೆಲ್ಲ ನನ್ನ ಮಾವನವರಿಗೆ ಗೊತ್ತಾಗಬಾರದಿತ್ತು. ಮಾವ ಕೆಂಚೇಗೌಡರು ಮಾರಂಡಹಳ್ಳಿಯ ರೈತರು. ರಾಗಿ ಅವರೆ ಬೆಳೆಯುವವರು, ಮಾತು ಕಡಿಮೆ, ಮೀಸೆ ಜಾಸ್ತಿ. ಹೆಣ್ಣು ಕೊಡುವಾಗ ನಮ್ಮಪ್ಪನನ್ನು ಕೇಳಿದ ಪ್ರಶ್ನೆ ಎರಡೇ: ಹುಡುಗ ಬೀಡಿ ಸೇದುತ್ತಾನಾ, ಕೂತ್ತು ಕಟ್ಟುತ್ತಾನಾ. ಬೀದಿಯಲ್ಲಿ ಬಣ್ಣ ಹಚ್ಚಿ ಕುಣಿಯುವ ಕೂತ್ತಾಡಿಗೆ ಮಗಳನ್ನು ಕೊಡಲು ಅವರು ತಯಾರಿರಲಿಲ್ಲ. ನಮ್ಮಪ್ಪ ಬೀಡಿಯ ವಿಷಯವನ್ನು ಎಷ್ಟು ಉದ್ದಕ್ಕೆ ಹೇಳಿದರೆಂದರೆ ಎರಡನೆಯ ಪ್ರಶ್ನೆ ಹೊಗೆಯಲ್ಲೇ ಕರಗಿಹೋಯಿತು. ಅಳಿಯ ಸೀರೆಯುಟ್ಟು ಬಳುಕುತ್ತಾನೆ ಅಂತ ತಿಳಿದರೆ ಆ ಮೀಸೆ ಏನಾಗುತ್ತದೋ ಅಂತ ನನಗೆ ದಿಗಿಲು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಿಬಿಡುತ್ತೇನೆ. ಹೊಸ ಅಳಿಯನಿಗೆ ಮುನಿಸಿಕೊಳ್ಳುವ ಹಕ್ಕಿದೆ. ಹಬ್ಬಕ್ಕೆ ಕರೆದಾಗ ಎಲೆಯ ಮುಂದೆ ಕೂತು ಮುಖ ತಿರುಗಿಸಬಹುದು, ಜಗಲಿಯಲ್ಲಿ ಗೋಡೆ ನೋಡುತ್ತ ಮಲಗಬಹುದು, ಮಾತು ಬಿಡಬಹುದು. ಮಾವನಾದವನು ಏನು ಬೇಕು ಅಂತ ಬೇಡಿಕೊಂಡು ಅದನ್ನು ನಡೆಸಿಕೊಡಬೇಕು. ತಾಯಮ್ಮನ ಅಕ್ಕನ ಗಂಡ ಮೊದಲ ಯುಗಾದಿಗೆ ಕೊಟ್ಟಿಗೆಯಲ್ಲಿ ಮಲಗಿ, ಕರು ಸಮೇತ ಒಂದು ಹಸು ಹೊಡೆದುಕೊಂಡು ಹೋಗಿದ್ದರು. ನಾನು ಮದುವೆಯಾಗಿ ವರ್ಷ ಸಮೀಪಿಸಿದರೂ ಒಂದು ಸಲವೂ ಮುನಿಸಿಕೊಂಡಿರಲಿಲ್ಲ. ಹಾಕಿದ್ದು ತಿಂದು, ಕೇಳಿದ್ದಕ್ಕೆ ಹೂಂ ಅಂದು ಬರುತ್ತಿದ್ದೆ. ಇದರಿಂದ ಮಾವನವರಿಗೆ ಊರಿನಲ್ಲಿ ತಲೆ ಎತ್ತುವುದು ಕಷ್ಟವಾಗಿತ್ತಂತೆ. ಅಳಿಯನಿಗೆ ಏನಾದರೂ ಕಾಯಿಲೆಯಾ ಅಂತ ಜನ ಕೇಳುತ್ತಿದ್ದರಂತೆ.

ನಮ್ಮ ಸಾಕಮ್ಮನ ಮಾತು ಬಂತಲ್ಲ, ಅವಳು ತಾಯಮ್ಮನ ತಂಗಿ, ಮನೆಯ ಕೊನೆಯ ಹುಡುಗಿ. ಮಾರಂಡಹಳ್ಳಿಯ ಶಾಲೆಯಲ್ಲಿದ್ದ ತರಗತಿಗಳನ್ನೆಲ್ಲ ಮುಗಿಸಿ, ಇನ್ನು ಓದಬೇಕಾದರೆ ಊರು ಬಿಡಬೇಕು ಎನ್ನುವ ಹಂತಕ್ಕೆ ಬಂದಿದ್ದಳು. ಬುದ್ಧಿವಂತೆ. ನನ್ನ ಕಚೇರಿಯ ಇಂಗ್ಲಿಷ್ ಕಾಗದವನ್ನು ಕೈಗೆ ತೆಗೆದುಕೊಂಡು ತಪ್ಪು ತೋರಿಸಿದವಳು. ಅವಳಿಗೆ ಪಾಲಕ್ಕೋಡಿನ ಕಡೆಯ ಒಂದು ಗಂಡು ಗೊತ್ತಾಗಿತ್ತು, ಮಾವನವರು ಮಾತು ಕೊಟ್ಟಾಗಿತ್ತು. ಹಬ್ಬಕ್ಕೆ ಹೋದಾಗ ಸಾಕಮ್ಮ ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತಿದ್ದಳು. ತಾಯಮ್ಮ ನನ್ನ ಹತ್ತಿರ ಅದನ್ನು ಹೇಳಿ, ಅಪ್ಪನ ಮುಂದೆ ಹೆಣ್ಣುಮಕ್ಕಳ ಮಾತು ನಡೆಯದು ಅಂದಿದ್ದಳು. ಅವಳನ್ನೂ ಐದನೆಯ ಕ್ಲಾಸಿಗೆ ಬಿಡಿಸಿದ್ದರು. ತಮಿಳು ಪೇಪರನ್ನು ಈಗಲೂ ಒಂದಕ್ಷರ ಬಿಡದೆ ಓದುತ್ತಾಳೆ, ಅದೇ ಅವಳ ಓದು.

ಇನ್ನು ಆ ದಿನಕ್ಕೆ ಬರೋಣ. ನಾಟಕದ ಹಿಂದಿನ ದಿನ, ನನ್ನ ಮೌನದ ದಿನ. ಬೆಳಿಗ್ಗೆ ನಡುಮನೆಯ ಗೋಡೆಗೆ ಕಾಲು ಆನಿಸಿ ಶೀರ್ಷಾಸನದಲ್ಲಿದ್ದೆ. ಪಂಚೆ ಕಚ್ಚೆ ಹಾಕಿದ್ದೆ, ಗಾಬರಿಯಾಗಬೇಡಿ. ಬಾಗಿಲು ತೆರೆಯಿತು. ಮೊದಲು ಒಂದು ರಾಗಿ ಮೂಟೆ ಒಳಗೆ ಬಂತು. ಅದರ ಹಿಂದೆ ಧೂಳು ಹತ್ತಿದ ಒಂದು ಜೊತೆ ಪಾದ. ಆ ಪಾದಗಳು ಮಾವನವರದು ಅಂತ ತಿಳಿಯುವ ಹೊತ್ತಿಗೆ ಅವು ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದವು. ಮುಂದಿನ ವಾರ ಸಾಕಮ್ಮನ ತಾಂಬೂಲ, ಅಳಿಯಂದಿರನ್ನು ಕರೆಯಲು ಮೊದಲ ಬಸ್ಸಿಗೇ ಬಂದಿದ್ದರು.

ನಾನು ಮಾತಾಡುವಂತಿಲ್ಲ. ಸರಕ್ಕನೆ ಇಳಿದರೆ ಕತ್ತು ಉಳುಕುತ್ತದೆ ಅಂತ ಶಾಮರಾಯರು ಹೆದರಿಸಿದ್ದರು. ಮಾವನವರು ಕ್ಷೇಮ ಕೇಳಿದರು, ನಾನು ಉಸಿರೆಳೆದೆ. ಪ್ರಯಾಣ ಹೇಗಿತ್ತು ಅಂತ ತಾವೇ ಹೇಳಿಕೊಂಡರು, ನಾನು ಉಸಿರು ಬಿಟ್ಟೆ. ಅವರು ಮಗಳ ಕಡೆ ತಿರುಗಿ, ಅಳಿಯನಿಗೆ ಕೋಪವಾ ಅಂತ ಅರ್ಧ ತಮಿಳಿನಲ್ಲಿ ಕೇಳಿದರು.

“ಏನವ್ವಾ ಇದು, ಮಾಪ್ಳೆ ಇಂಗವ್ರೆ? ಕೋಬಮಾ?”

ಇದು ಯೋಗ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ತಾಯಮ್ಮ ಹಾಗೆ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ನನ್ನನ್ನು ನೋಡಿದಳು, ರಾಗಿ ಮೂಟೆಯನ್ನು ನೋಡಿದಳು. ಆಮೇಲೆ ತಣ್ಣಗೆ ಅಂದಳು, “ಊನಪ್ಪಾ, ಮುನಿಸ್ಕಂಡವ್ರೆ. ಬೆಳಿಗ್ಗೆಯಿಂದ ಮಾತಿಲ್ಲ ಕತೆಯಿಲ್ಲ.”

ಮಾವನವರ ಮುಖ ಅರಳಿದ್ದನ್ನು ನಾನು ಕೆಳಗಿನಿಂದ ಕಂಡೆ. ಅಂತೂ ಅಳಿಯ ಮುನಿಸಿಕೊಂಡಿದ್ದ. ಏನು ಬೇಕಂತೆ ಅಂತ ಉತ್ಸಾಹದಿಂದ ಕೇಳಿದರು. ವಾಚಾ, ಉಂಗುರವಾ, ಹಸುವಾ. ತಾಯಮ್ಮ ತಲೆ ಬಗ್ಗಿಸಿಕೊಂಡು ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ನಿಂತಳು.

“ಅದೇನೂ ಬ್ಯಾಡ್ವಂತೆ. ಸಾಕಮ್ಮನ್ನ ಇಲ್ಲಿ ನಮ್ ಮನೇಲಿಟ್ಕಂಡು ಐಸ್ಕೂಲಿಗೆ ಸೇರ್ಸಬೇಕಂತೆ. ಅಲ್ಲೀಗಂಟ ಮಾತಾಡಾಕಿಲ್ವಂತೆ, ನೆಟ್ಟಗೂ ನಿಲ್ಲಾಕಿಲ್ವಂತೆ.”

ನನ್ನ ಕಾಲು ಗೋಡೆಯ ಮೇಲೆ ಜಾರಿತು. ನಾನು ಕನಸಿನಲ್ಲೂ ಆಡದ ಮಾತು. ಮಾತು ಕೊಟ್ಟ ಸಂಬಂಧವನ್ನು ಮುರಿಸುವಷ್ಟು ದೊಡ್ಡ ಮನುಷ್ಯ ನಾನಲ್ಲ, ಪಕ್ಕದ ಮನೆಯವರ ಏಣಿ ಮುರಿದರೂ ಅಂಜುವವನು. ಮಾವನವರು ಸದ್ದಿಲ್ಲದೆ ನೆಲದ ಮೇಲೆ ಕೂತರು. ಕೈಯೂರಿ, ಕತ್ತು ವಾಲಿಸಿ, ತಮ್ಮ ಮುಖವನ್ನು ಆದಷ್ಟೂ ನನ್ನ ಮುಖದ ಹಾಗೆ ತಿರುಗಿಸಿಕೊಂಡರು. ಮೀಸೆ ಮೇಲೆ ಹೋಗಿ ಹುಬ್ಬಾದಂತಿತ್ತು. “ಮಾಪ್ಳೆ, ಇದೇನಾ ನಿಮ್ ಮನಸ್ನಾಗಿರೋದು?” ಅಂತ ಕೇಳಿದರು.

ಅವರ ಹೆಗಲಾಚೆ ತಾಯಮ್ಮ ಕಾಣುತ್ತಿದ್ದಳು. ನಗುತ್ತಿದ್ದಾಳೆ ಅನ್ನಿಸಿತು. ನನಗೆ ಮೈ ಉರಿಯಿತು. ಇಳಿದು, ನಿಜ ಹೇಳಿ, ಮೋಹಿನಿ ಹಾಳಾಗಿ ಹೋಗಲಿ ಅಂದುಕೊಂಡೆ. ಆಗ ಹೊಳೆಯಿತು, ನಾನು ತಲೆಕೆಳಗಾಗಿದ್ದೇನೆ. ಇಲ್ಲಿಂದ ನಗುವ ಹಾಗೆ ಕಾಣುವ ಬಾಯಿ ನೆಟ್ಟಗೆ ನೋಡಿದರೆ ನಗುವಲ್ಲ. ಸೆರಗು ಸುತ್ತಿದ ಅವಳ ಬೆರಳು ರಕ್ತವಿಲ್ಲದೆ ಬೆಳ್ಳಗಾಗಿತ್ತು. ಮದುವೆಯಾದ ಮೇಲೆ ಅವಳು ನನ್ನ ಹತ್ತಿರ ಏನನ್ನೂ ಕೇಳಿರಲಿಲ್ಲ. ಎದುರುಮನೆಗೆ ಹೋಗಿ ಹಾಲು ತರುವಾಗಲೂ ಗೊಣಗಿರಲಿಲ್ಲ.

ನಾನು ಇಳಿಯಲಿಲ್ಲ. ತಲೆಯಾಡಿಸೋಣವೆಂದರೆ ಶೀರ್ಷಾಸನದಲ್ಲಿ ತಲೆ ಆಡುವುದಿಲ್ಲ, ಆಡಿದರೆ ಉಳಿದದ್ದೆಲ್ಲ ಬೀಳುತ್ತದೆ. ಕಣ್ಣನ್ನು ಬಿಗಿಯಾಗಿ ಮುಚ್ಚಿ ತೆರೆದೆ. ಅಷ್ಟು ಹೊತ್ತು ಎಂದೂ ನಿಂತವನಲ್ಲ, ಕಣ್ಣಿನಲ್ಲಿ ನೀರು ತುಂಬಿಕೊಂಡಿತ್ತು. ಅದು ಹುಬ್ಬು ದಾಟಿ, ಹಣೆಯ ಮೇಲೆ ಹರಿದು, ಕೂದಲೊಳಗೆ ಹೋಯಿತು. ಮಾವನವರು ಅದರ ದಾರಿಯನ್ನೇ ನೋಡುತ್ತಿದ್ದರು. ಎದ್ದು ಪಂಚೆ ಕೊಡವಿಕೊಂಡು, “ಸರಿ ಸರಿ. ಇಷ್ಟ್ ಸಂಕಟ ಪಟ್ಕಂಡ್ರೆ ನಾನೇನ್ ಮಾಡ್ಲಿ. ಇಳೀರಿ, ಕಳಿಸ್ತೀನಿ” ಅಂದರು. ನಾನು ಇಳಿದೆ ಅನ್ನುವುದಕ್ಕಿಂತ ಬಿದ್ದೆ ಅನ್ನುವುದು ಸರಿ.

ಊಟಕ್ಕೆ ಇಬ್ಬರೂ ಎಲೆಯ ಮುಂದೆ ಕೂತೆವು. ಕೆಲಸ ಆಯಿತಲ್ಲ, ಇನ್ನು ಮಾತಾಡಿ ಅಂತ ಮಾವನವರು ಹಿಡಿದುಕೊಳ್ಳುತ್ತಾರೆ ಅಂತ ನಾನು ಅನ್ನದಲ್ಲಿ ಮುಖ ಹುದುಗಿಸಿದ್ದೆ. ಅವರು ಆ ಮಾತೇ ಎತ್ತಲಿಲ್ಲ. ತಾಯಮ್ಮ ಗಡಿಬಿಡಿಯಲ್ಲಿ ನನಗೂ ಮೊಸರು ಬಡಿಸಲು ಬಂದಳು. ಮಾವನವರು ಎಡಗೈಯಿಂದ ಪಾತ್ರೆಯನ್ನು ಅತ್ತ ಸರಿಸಿ, ಅವರಿಗೆ ಬೇಡ, ಬಿಸಿನೀರಿಗೆ ಮೆಣಸು ಬೆಲ್ಲ ಹಾಕಿ ಕೊಡು ಅಂದರು. ಒಲಿದ ಅಳಿಯನಿಗೆ ಮೊಸರು ತುಪ್ಪ ಸುರಿಯುವುದು ಬಿಟ್ಟು ಮೆಣಸಿನ ನೀರು ಕುಡಿಸುತ್ತಾರಲ್ಲ, ಇದೆಂಥ ಮರ್ಯಾದೆ ಅಂತ ನನಗೆ ಒಂದಿಷ್ಟು ಬೇಸರವೇ ಆಯಿತು. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಮಾರನೆಯ ಸಂಜೆಯ ನಾಟಕದ ಬಗ್ಗೆ ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ, ಆದರೂ ಹೇಳುತ್ತೇನೆ. ಮೇಲಿನ ಸ್ಥಾಯಿ ಒಡೆಯಲಿಲ್ಲ. ಸೊಂಟ ಮಾತ್ರ ಹಿಂದಿನ ದಿನ ಬಿದ್ದದ್ದರಿಂದ ಒಂದೇ ಕಡೆಗೆ ಬಳುಕುತ್ತಿತ್ತು. ನನ್ನನ್ನು ಅನುಸರಿಸಿ ಕುಣಿಯಬೇಕಾದ ಭಸ್ಮಾಸುರನೂ ಪಾಪ ಒಂದೇ ಕಡೆಗೆ ಬಳುಕಿ ಬಳುಕಿ, ಕೊನೆಗೆ ಇಬ್ಬರೂ ಪರದೆಯ ಅಂಚಿಗೆ ಹೋಗಿ ಅಲ್ಲೇ ಅವನು ಸುಟ್ಟು ಬೂದಿಯಾಗಬೇಕಾಯಿತು. ಅದು ಹೊಸ ನಾಟ್ಯಶೈಲಿ ಅಂತ ಶಾಮರಾಯರು ಎಲ್ಲರ ಹತ್ತಿರವೂ ಹೇಳಿಕೊಂಡರು.

ಸಾಕಮ್ಮ ಒಂದು ತಗಡಿನ ಟ್ರಂಕು ಹಿಡಿದು ಅಪ್ಪನ ಜೊತೆ ಬಂದಳು. ನಮ್ಮ ಮನೆಯಲ್ಲಿದ್ದುಕೊಂಡೇ ಹೈಸ್ಕೂಲು ಮುಗಿಸಿ, ಟ್ರೈನಿಂಗ್ ಮಾಡಿ, ಪಾಲಕ್ಕೋಡಿನಲ್ಲೇ ಟೀಚರ್ ಆದಳು. ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆಗಿದ್ದಾಳೆ. ಈಗಲೂ ಮನೆಗೆ ಬಂದರೆ ನನ್ನ ಕಾಗದಗಳಲ್ಲಿ ತಪ್ಪು ಹುಡುಕುತ್ತಾಳೆ, ಅದೃಷ್ಟಕ್ಕೆ ತಮಿಳು ಇಂಗ್ಲಿಷಿನವುಗಳಲ್ಲಿ ಮಾತ್ರ. ಅಪ್ಪನನ್ನು ಗೆದ್ದ ಕತೆಯನ್ನು ತಾಯಮ್ಮ ಹೇಳುವಾಗೆಲ್ಲ ಅಕ್ಕನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಕೂರುತ್ತಾಳೆ.

ತಾಯಮ್ಮ ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ. ನನ್ನದು ಇನ್ನೂ ಸ್ವಲ್ಪ ಇದೆ.

ಸಾಕಮ್ಮನಿಗೆ ಕೆಲಸ ಸಿಕ್ಕಿದ ವರ್ಷ, ಅವರೆಯ ಕಾಲದಲ್ಲಿ, ಮಾರಂಡಹಳ್ಳಿಯ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ನಾನೂ ಮಾವನವರೂ ಕಾಯಿ ಸುಲಿಯುತ್ತಿದ್ದೆವು. ಹೆಂಗಸರೆಲ್ಲ ಹಿತ್ತಲಲ್ಲಿದ್ದರು. ಮಾವನವರು ತಲೆ ಎತ್ತದೆ ಕೇಳಿದರು, ಈಗಲೂ ಹೆಣ್ಣುವೇಷ ಕಟ್ಟುತ್ತೀರಾ ಅಂತ. ನನ್ನ ಕೈಯ ಕಾಳು ಬಿದ್ದುಹೋಯಿತು. ಅವರು ಅದನ್ನು ಹೆಕ್ಕಿ ಮೊರಕ್ಕೆ ಹಾಕಿದರು.

ಆ ಶೀರ್ಷಾಸನದ ದಿನವೇ ಅವರಿಗೆ ಗೊತ್ತಾಗಿತ್ತು. ಹರೆಯದಲ್ಲಿ ಊರ ಬಯಲಾಟದಲ್ಲಿ ಅವರು ದ್ರೌಪದಿ. ಆಟದ ಹಿಂದಿನ ದಿನ ಮೌನ ಹಿಡಿಯುವುದು, ಮೊಸರು ಬಿಡುವುದು, ಮೆಣಸಿನ ನೀರು ಕುಡಿಯುವುದು ಎಲ್ಲ ಮಾಡಿದವರು. ಹೆಣ್ಣುಮಕ್ಕಳು ಹುಟ್ಟಿದ ಮೇಲೆ, ಕೂತ್ತಾಡಿಯ ಮಕ್ಕಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಅಂತ ಗೆಜ್ಜೆ ಬಿಚ್ಚಿಟ್ಟು ಮೀಸೆ ಬಿಟ್ಟಿದ್ದರು. ಹಾಗಾದರೆ ತಾಯಮ್ಮನ ಮಾತನ್ನು ಯಾಕೆ ನಂಬಿದಿರಿ ಅಂತ ಕೇಳಿದೆ.

“ಸಾಕಮ್ಮ ಅಳ್ತಿದ್ದದ್ದು ನಂಗ್ ಕಾಣ್ತಿರ್ಲಿಲ್ವಾ, ಮಾಪ್ಳೆ? ಕೊಟ್ ಮಾತ್ನ ಮಗಳು ಅಳ್ತಾಳೆ ಅಂತ ಮುರಿದ್ರೆ ಊರೋರು ಉಗೀತಾರೆ. ಅಳಿಯ ಮುನಿಸ್ಕಂಡವ್ನೆ ಅಂದ್ರೆ ಎಲೆಅಡಿಕೆ ಕೊಟ್ಟು ಕಳಿಸ್ತಾರೆ. ಎಂಗಪ್ಪಾ ಬುಡಿಸ್ಕಳ್ಳೋದು ಅಂತ ಬಸ್ನಾಗೆಲ್ಲಾ ಯೋಚ್ನೆ ಮಾಡ್ಕಂಡೇ ಬಂದೆ. ಬಾಗ್ಲು ತೆಗುದ್ರೆ ನೀವು ಅಂಗ್ ನಿಂತಿದ್ರಿ.”

ಗಂಡಿನ ಕಡೆಯವರು ಒಂದು ಮಾತೂ ಎದುರಾಡಲಿಲ್ಲವಂತೆ. ಅಳಿಯ ನೆಟ್ಟಗೇ ನಿಲ್ಲುತ್ತಿಲ್ಲ ಅಂತ ಕೇಳಿ ಮರುಕಪಟ್ಟು, ಅವರೇ ಕಾಫಿ ಕೊಟ್ಟು, ಹುಡುಗನಿಗೆ ಬೇರೆ ಕಡೆ ನೋಡಿಕೊಂಡರಂತೆ. ಇಷ್ಟು ಹೇಳಿ ಮಾವನವರು ಹಿತ್ತಲ ಕಡೆ ನೋಡಿದರು. ಅಲ್ಲಿಂದ ತಾಯಮ್ಮನ ನಗು ಕೇಳುತ್ತಿತ್ತು. ದನಿ ತಗ್ಗಿಸಿ, “ತಾಯಮ್ಮಂಗೆ ಏಳ್ಬ್ಯಾಡಿ. ಅಪ್ಪನ್ನ ಗೆದ್ದೆ ಅಂದ್ಕಂಡವ್ಳೆ. ಅಂಗೇ ಇರ್ಲಿ” ಅಂದರು.

ಮಾವನವರು ಹೋಗಿ ಬಹಳ ಕಾಲವಾಯಿತು. ಶಾಮರಾಯರು ಹೇಳಿಕೊಟ್ಟ ಯೋಗದಲ್ಲಿ ನನ್ನ ಹತ್ತಿರ ಉಳಿದಿರುವುದು ಇದೊಂದೇ ಮೌನ. ನನಗೆ ಆ ಮನುಷ್ಯನ ಮೇಲೆ ತುಂಬ ಪ್ರೀತಿ, ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ನಿಮಗೆ ಬರೆದೆ, ಕನ್ನಡದಲ್ಲಿ ಬರೆದೆ. ಈ ಮನೆಯಲ್ಲಿ ಈ ಅಕ್ಷರ ಓದಬಲ್ಲವನು ನಾನೊಬ್ಬನೇ.

ಮೊಮ್ಮಗಳು ಚಾಪೆಯ ಮೇಲೆ ಕಾಲು ಮೇಲೆತ್ತಲು ಹೋಗಿ ಎರಡು ಸಲ ಬಿದ್ದಳು. ತಾಯಮ್ಮ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಹೆಗಲ ಮೇಲಿನಿಂದ ಈ ಹಾಳೆಯನ್ನೇ ಬಗ್ಗಿ ನೋಡುತ್ತಿದ್ದಾಳೆ. ಏನದು, ಊಟದ ಹೊತ್ತಾದರೂ ಬರೀತಾನೇ ಇದ್ದೀರಲ್ಲ ಅಂತ ಕೇಳುತ್ತಿದ್ದಾಳೆ.

“ಯೋಗದ ಬಗ್ಗೆ” ಅಂದೆ.